ಅಟ್ಟದ ಮೇಲೆ 15 ಚೀನಿಕಾಯಿ: ಮಳೆಗಾಲದ ಅಡುಗೆಮನೆಗೊಂದು ಲೆಕ್ಕ

(ಸಾಗರ ಸೀಮೆಯಲ್ಲಿ ಹಿತ್ತಲು ಬೆಳೆಗಾರರ ಎದುರು ಆಡಿದ ಮಾತುಗಳ ಬರಹ ರೂಪ. ಕೇಳುಗರು ನಡುನಡುವೆ ಎತ್ತಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಲೆಕ್ಕದಿಂದಲೇ ಶುರು ಮಾಡೋಣ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಸುಮಾರು 17 ವಾರ. ಈ 17 ವಾರ ನಮ್ಮ ಹಿತ್ತಲಲ್ಲಿ ತರಕಾರಿ ಎನ್ನುವುದು ಹೆಸರಿಗಷ್ಟೇ. ಕೆಸು, ಕಳಲೆ, ಒಂದಿಷ್ಟು ಬಸಳೆ, ಬೇಸಿಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ತೊಳೆ, ಮುಗಿಯಿತು. ಸಂತೆಗೆ ಬರುವುದೆಲ್ಲ ಬಯಲುಸೀಮೆಯಿಂದ ಬರಬೇಕು. ಧರೆ ಕುಸಿದೋ ಮರ ಬಿದ್ದೋ ರಸ್ತೆ ಕಟ್ಟಿದರೆ ಅದೂ ಇಲ್ಲ. ಹೋದ ಕರೆಂಟು ಎಂದು ಬರುತ್ತದೆಂದು ಗೊತ್ತಿಲ್ಲದ ಊರಿನಲ್ಲಿ ಫ್ರಿಜ್ಜನ್ನು ನಂಬಿ ದಾಸ್ತಾನು ಮಾಡಲಾಗದು.

ಐದು ಜನರ ಮನೆ ಎಂದಿಟ್ಟುಕೊಳ್ಳಿ. ವಾರಕ್ಕೆ ಎರಡು ಸಲ ಚೀನಿಕಾಯಿಯ, ಅಂದರೆ ಸಿಹಿಗುಂಬಳದ, ಹುಳಿಯೋ ಪಲ್ಯವೋ ಮಾಡಿದರೆ 17 ವಾರಕ್ಕೆ 34 ಸಲವಾಯಿತು. ಒಂದು ಸಲಕ್ಕೆ ಹೆಚ್ಚಿದ ಹೋಳು 750 ಗ್ರಾಂ ಬೇಕು. ಒಟ್ಟು 25 ಕೆ.ಜಿ.ಗೆ ಸ್ವಲ್ಪ ಮೇಲೆ. ಸಿಪ್ಪೆ, ಬೀಜ, ಒಳಗಿನ ನಾರು ಸೇರಿ ಕಾಲು ಭಾಗ ಹೋಗುತ್ತದೆ, ಹಾಗಾಗಿ ಇಡೀ ಕಾಯಿಯ ಲೆಕ್ಕದಲ್ಲಿ 34 ಕೆ.ಜಿ. ಇಟ್ಟಿದ್ದರಲ್ಲಿ ಇನ್ನೂ ಕಾಲು ಭಾಗ ಕೊಳೆತೋ ಇಲಿ ತಿಂದೋ ಹಾಳಾಗುತ್ತದೆ ಎಂದು ಹಿಡಿದರೆ 45 ಕೆ.ಜಿ. ಕಾಯಿಗೆ 3 ಕೆ.ಜಿ.ಯಂತೆ 15 ಕಾಯಿ. ಬಳ್ಳಿಗೆ 3 ಕಾಯಿ ನಿಲ್ಲಿಸಿಕೊಂಡರೆ 5 ಬಳ್ಳಿ ಸಾಕು. ಮಂಗ, ಹಂದಿ, ರೋಗದ ಪಾಲಿಗೆ ಇನ್ನೆರಡು. ಒಟ್ಟು 7 ಗುಂಡಿ. ನಾವು ಇವತ್ತು ಮಾತಾಡುವುದು ಈ 7 ಗುಂಡಿಯ ಬಗ್ಗೆ, ಎಕರೆಗಟ್ಟಲೆ ಬೆಳೆದು ಮಂಡಿಗೆ ಕಳಿಸುವುದರ ಬಗ್ಗೆ ಅಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಆಹಾರ ಭದ್ರತೆ ಎಂದ ತಕ್ಷಣ ಹೊಟ್ಟೆ ತುಂಬುವ ವಿಷಯ ಎಂದುಕೊಳ್ಳುವುದು ಸಹಜ. ಚೀನಿಕಾಯಿ ಹೊಟ್ಟೆ ತುಂಬಿಸುವ ಬೆಳೆಯಲ್ಲ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ತಳಿ ನೋಡಿಕೊಂಡು 100 ಗ್ರಾಮಿಗೆ ಸುಮಾರು 25ರಿಂದ 45 ಕ್ಯಾಲೊರಿ ಅಷ್ಟೇ. ಅನ್ನದ ಜಾಗವನ್ನು ಅದು ತುಂಬುವುದಿಲ್ಲ. ಅದು ತುಂಬುವುದು ಬೇರೆ ಜಾಗವನ್ನು. ಹಸಿರು ಸೊಪ್ಪು, ಹಣ್ಣು ಎರಡೂ ಕಮ್ಮಿಯಾಗುವ ತಿಂಗಳುಗಳಲ್ಲಿ, ವಿಟಮಿನ್ ಎ ಆಗಿ ಮಾರ್ಪಡುವ ಬೀಟಾ ಕ್ಯಾರೋಟಿನ್ ಅನ್ನು ಕರೆಂಟಿಲ್ಲದೆ, ಡಬ್ಬಿಯಿಲ್ಲದೆ ನಾಲ್ಕು ತಿಂಗಳು ಹಿಡಿದಿಟ್ಟುಕೊಳ್ಳುವ ತರಕಾರಿ ನಮ್ಮಲ್ಲಿ ಬೇರೆ ಇಲ್ಲ. ಮೊಗೆಕಾಯಿ (ಮಂಗಳೂರು ಸೌತೆ) ಅಷ್ಟೇ ದಿನ ಇರುತ್ತದೆ, ಬೂದುಗುಂಬಳ ಇನ್ನೂ ಹೆಚ್ಚು ದಿನ ಇರುತ್ತದೆ. ಎರಡರಲ್ಲೂ ಕ್ಯಾರೋಟಿನ್ ಲೆಕ್ಕಕ್ಕೆ ಬರುವಷ್ಟಿಲ್ಲ.

ಯಾವ ಕಾಯಿ

ಸಿಹಿಗುಂಬಳ, ಚೀನಿಕಾಯಿ ಎಂದು ನಾವು ಕರೆಯುವುದರಲ್ಲಿ ಎರಡು ಜಾತಿ ಬೆರೆತಿವೆ: ಕುಕುರ್ಬಿಟಾ ಮೊಸ್ಕಾಟಾ ಮತ್ತು ಕುಕುರ್ಬಿಟಾ ಮ್ಯಾಕ್ಸಿಮಾ. ಎರಡರ ತವರೂ ಅಮೆರಿಕ ಖಂಡ. ತೊಟ್ಟು ನೋಡಿದರೆ ಗುರುತು ಹತ್ತುತ್ತದೆ. ಮೊಸ್ಕಾಟಾದ ತೊಟ್ಟು ಗಟ್ಟಿ, ಐದು ಏಣು, ಕಾಯಿಗೆ ಅಂಟುವಲ್ಲಿ ಪಾದದಂತೆ ಅಗಲವಾಗಿರುತ್ತದೆ. ಮ್ಯಾಕ್ಸಿಮಾದ ತೊಟ್ಟು ದಪ್ಪ, ಗುಂಡಗೆ, ಬೆಂಡಿನ ಹಾಗೆ ಮೆತ್ತಗೆ. ಮಲೆನಾಡಿನ ಸೆಖೆ ಮತ್ತು ತೇವ ಎರಡನ್ನೂ ತಡೆದುಕೊಳ್ಳುವುದು, ಹೆಚ್ಚು ದಿನ ಉಳಿಯುವುದು ಮೊಸ್ಕಾಟಾ. ಮನೆಯಲ್ಲಿ ತಲೆಮಾರಿನಿಂದ ಬಂದ ಬೀಜವಿದ್ದರೆ ಹೆಚ್ಚಿನಂಶ ಅದು ಇದೇ ಜಾತಿ, ಅದನ್ನೇ ಹಾಕಿ. ಇಲ್ಲದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿ ಮನೆ ಬಳಕೆಗೆ ಹೇಳಿ ಮಾಡಿಸಿದ್ದು. ಕಾಯಿ 2ರಿಂದ 3 ಕೆ.ಜಿ., ತಿರುಳು ದಪ್ಪ, ಕೇಸರಿ ಬಣ್ಣ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ಮ್ಯಾಕ್ಸಿಮಾ ಜಾತಿಯದು. ಕಾಯಿ ಒಂದು ಕೆ.ಜಿ. ಆಸುಪಾಸು, ಹಣ್ಣುನೊಣದ ಕಾಟ ತಡೆದುಕೊಳ್ಳುತ್ತದೆ.

ದೊಡ್ಡ ಕಾಯಿಯ ಆಸೆ ಬಿಡಿ. 10 ಕೆ.ಜಿ.ಯ ಕಾಯಿ ನೋಡಲು ಚೆಂದ, ಪೇಪರಿನಲ್ಲಿ ಫೋಟೊ ಬರುತ್ತದೆ. ಆದರೆ ಮಳೆಗಾಲದಲ್ಲಿ ಕೊಯ್ದಿಟ್ಟ ಹೋಳು ಹೊರಗೆ ಎರಡು ದಿನವೂ ತಡೆಯದು. ಹತ್ತು ಕೆ.ಜಿ. ಕಾಯಿಗೆ ಕತ್ತಿ ಹಾಕಿದರೆ ಕೇರಿಗೆಲ್ಲ ಹಂಚಬೇಕು, ಇಲ್ಲವೇ ಕೊಟ್ಟಿಗೆಗೆ ಹಾಕಬೇಕು. ಎರಡು ಮೂರು ಊಟಕ್ಕೆ ಮುಗಿಯುವ ಕಾಯಿಯೇ ದಾಸ್ತಾನಿಗೆ ಸರಿ.

ಯಾವಾಗ ಬಿತ್ತಬೇಕು

ಇಲ್ಲಿಯೇ ಹೆಚ್ಚಿನವರ ಲೆಕ್ಕ ತಪ್ಪುವುದು. ಮೊದಲ ಮಳೆ ಬಿದ್ದ ಮೇಲೆ ಗೊಬ್ಬರದ ಗುಂಡಿಯ ಪಕ್ಕ ನಾಲ್ಕು ಬೀಜ ಊರುವುದು ನಮ್ಮ ರೂಢಿ. ಬಳ್ಳಿ ಸೊಕ್ಕಿ ಬೆಳೆಯುತ್ತದೆ, ಜುಲೈಯಲ್ಲಿ ಹೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆಯಲ್ಲಿ ಬಹುಪಾಲು ಬೀಳುವುದು ಜೂನ್, ಜುಲೈ, ಆಗಸ್ಟ್‌ನಲ್ಲಿ. ಆ ಮಳೆಯಲ್ಲಿ ಜೇನು ಹೊರಗೆ ಬರುವುದಿಲ್ಲ, ಪರಾಗ ನೀರು ತಾಗಿದರೆ ಒಡೆದುಹೋಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಪಶ್ಚಿಮ ಭಾಗಕ್ಕೆ ಮುಂಗಾರು ಬಳ್ಳಿ ಸೊಪ್ಪಿಗೆ ಮಾತ್ರ. ಶಿಕಾರಿಪುರ, ಭದ್ರಾವತಿ, ಸೊರಬದ ಪೂರ್ವ ಭಾಗದಂಥ ಅರೆಮಲೆನಾಡಿನಲ್ಲಿ ಮೇ ಕೊನೆಗೆ ಬಿತ್ತಿ ಸೆಪ್ಟೆಂಬರಿನಲ್ಲಿ ಕೊಯ್ಯಬಹುದು.

ಮಳೆಗಾಲದ ದಾಸ್ತಾನಿಗೆ ಬೇಕಾದ ಬೆಳೆ ಬೇಸಿಗೆಯದು. ಹಿಂದಿನಿಂದ ಲೆಕ್ಕ ಹಾಕಿ. ಮೇ 25ರ ಹೊತ್ತಿಗೆ ರೋಹಿಣಿ ಮಳೆ ಹುಟ್ಟುತ್ತದೆ. ಅಷ್ಟರಲ್ಲಿ ಕಾಯಿ ಹದಗೊಂಡು ಒಳಗೆ ಸೇರಿರಬೇಕು. ಹದಗೊಳ್ಳಲು, ಅಂದರೆ ಕೊಯ್ದ ಕಾಯಿ ನೆರಳಲ್ಲಿ ಕೂತು ಸಿಪ್ಪೆ ಗಟ್ಟಿಯಾಗಲು, 10ರಿಂದ 14 ದಿನ. ಅಂದರೆ ಮೇ 10ರ ಸುಮಾರಿಗೆ ಕೊಯ್ಲು. ಬೀಜದಿಂದ ಕೊಯ್ಲಿಗೆ 110ರಿಂದ 120 ದಿನ. ಸಂಕ್ರಾಂತಿ ಹಬ್ಬದ ಆಸುಪಾಸಿನಲ್ಲಿ ಬೀಜ ಮಣ್ಣಿಗೆ ಬೀಳಬೇಕು. ಭತ್ತ ಕೊಯ್ದಾದ ಗದ್ದೆಯಲ್ಲಿ ನೀರಿನ ಅನುಕೂಲವಿದ್ದರೆ ಅಲ್ಲೇ ಹಾಕಬಹುದು. ಆದರೆ ಏಳೇ ಬಳ್ಳಿ ತಾನೇ, ಮನೆಯಿಂದ ಕೂಗಳತೆಯಲ್ಲಿದ್ದರೆ ಮಂಗನ ಕಾಟಕ್ಕೆ ಒಂದಿಷ್ಟು ತಡೆ.

ಸಂಕ್ರಾಂತಿಯ ಚಳಿ ಒಂದು ತೊಡಕು. ಚೀನಿಕಾಯಿ ಬೀಜಕ್ಕೆ ಬೆಚ್ಚಗಿನ ಮಣ್ಣು ಬೇಕು. ತಣ್ಣನೆಯ ಒದ್ದೆ ಮಣ್ಣಲ್ಲಿ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಬೀಜವನ್ನು ಒಂದು ರಾತ್ರಿ ನೆನೆಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಚ್ಚಲು ಹಂಡೆಯ ಒಲೆ ಪಕ್ಕ, ಕೈಗೆ ಬೆಚ್ಚಗೆ ಹತ್ತುವ ಜಾಗದಲ್ಲಿ ಇಡಿ. ಮೂರು ನಾಲ್ಕು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಮೊಳಕೆ ಅರ್ಧ ಸೆಂ.ಮೀ. ಆದೊಡನೆ ಊರಬೇಕು, ಉದ್ದವಾದರೆ ಮುರಿಯುತ್ತದೆ. ಸಸಿ ಮಾಡಿಕೊಳ್ಳುವವರು ಹಳೆ ಪೇಪರಿನ ಕೊಟ್ಟೆಯಲ್ಲಿ ಬೆಳೆಸಿ ಎರಡು ನಿಜ ಎಲೆ ಬಂದಾಗ ಕೊಟ್ಟೆ ಸಮೇತ ನೆಡಿ. ಬೇರು ಅಲುಗಿದರೆ ಈ ಗಿಡ ಹದಿನೈದು ದಿನ ಮುನಿಸಿಕೊಂಡು ಕೂರುತ್ತದೆ.

ಗುಂಡಿ, ಗೊಬ್ಬರ, ನೀರು

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಗುಂಡಿಯಿಂದ ಗುಂಡಿಗೆ 8ರಿಂದ 10 ಅಡಿ. ನಮ್ಮ ಜಂಬಿಟ್ಟಿಗೆ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುತ್ತದೆ. ಗುಂಡಿಗೆ 200 ಗ್ರಾಂ ಕೃಷಿ ಸುಣ್ಣವನ್ನು ಮಣ್ಣಿಗೆ ಕಲಸಿ ಎರಡು ಮೂರು ವಾರ ಬಿಡಿ. ಗೊಬ್ಬರ ಹಾಕುವುದು ಆಮೇಲೆ. ಎರಡನ್ನೂ ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಗುಂಡಿಗೆ ಕಳಿತ ಕೊಟ್ಟಿಗೆ ಗೊಬ್ಬರ 10 ಕೆ.ಜಿ., ಬೇವಿನ ಹಿಂಡಿ ಸಿಕ್ಕರೆ ಕಾಲು ಕೆ.ಜಿ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ. ಹೂ ಶುರುವಾದ ಮೇಲೆ ಗಂಜಲವನ್ನೋ ಯೂರಿಯಾವನ್ನೋ ಸುರಿಯುವವರಿದ್ದಾರೆ. ಬಳ್ಳಿ ಕಡುಹಸಿರಾಗಿ ಚಪ್ಪರದ ತುಂಬ ಹಬ್ಬುತ್ತದೆ, ಹೆಣ್ಣು ಹೂ ಮಾತ್ರ ಕಾಣುವುದಿಲ್ಲ.

ಗುಂಡಿಗೆ ಮೂರು ಬೀಜ, ಒಂದು ಇಂಚು ಆಳ. ನಾಲ್ಕೆಲೆ ಬಂದಾಗ ಗಟ್ಟಿಮುಟ್ಟಾದ ಒಂದನ್ನು ಉಳಿಸಿ ಮಿಕ್ಕಿದ್ದನ್ನು ಬುಡದಲ್ಲಿ ಚಿವುಟಿ ತೆಗೆಯಿರಿ. ಕಿತ್ತರೆ ಪಕ್ಕದ್ದರ ಬೇರೂ ಬರುತ್ತದೆ. ಬಳ್ಳಿ ಐದಾರು ಅಡಿ ಆದಾಗ ಕುಡಿ ಚಿವುಟಿದರೆ ಕವಲು ಬಳ್ಳಿಗಳು ಬರುತ್ತವೆ, ಹೆಣ್ಣು ಹೂ ಹೆಚ್ಚು ಬರುವುದು ಅವುಗಳಲ್ಲಿ. ಚಿವುಟಿದ ಕುಡಿ ಅಡುಗೆಮನೆಗೆ. ನೆಲದ ಮೇಲೆ ಹರಿದ ಬಳ್ಳಿಯ ಒಂದೆರಡು ಗೆಣ್ಣಿಗೆ ಮಣ್ಣು ಮುಚ್ಚಿದರೆ ಅಲ್ಲೂ ಬೇರು ಬಿಡುತ್ತದೆ. ಬುಡಕ್ಕೆ ಹುಳ ಬಿದ್ದರೂ ಬಳ್ಳಿ ಬದುಕಿಕೊಳ್ಳುತ್ತದೆ. ಬುಡದ ಸುತ್ತ ದರಕು (ಉದುರಿದ ಒಣ ಎಲೆ) ದಪ್ಪಗೆ ಹೊದಿಸಿದರೆ ನೀರು ಅರ್ಧಕ್ಕರ್ಧ ಉಳಿತಾಯ. ಕಾಯಿ ಬೆಳೆಯುವ ಮಾರ್ಚ್, ಏಪ್ರಿಲ್‌ನಲ್ಲಿ ಎರಡು ಮೂರು ದಿನಕ್ಕೊಮ್ಮೆ ಬುಡಕ್ಕೆ 10 ಲೀಟರ್. ಮಧ್ಯಾಹ್ನ ಎಲೆ ಜೋತರೆ ಗಾಬರಿಯಾಗಬೇಡಿ, ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ನೀರಿನ ಕೊರತೆ. ಕೊಯ್ಲಿಗೆ ಹತ್ತು ದಿನ ಮೊದಲು ನೀರು ನಿಲ್ಲಿಸಿ. ಕೊನೆಯವರೆಗೂ ನೀರು ಕುಡಿದ ಕಾಯಿ ಅಟ್ಟದಲ್ಲಿ ನಿಲ್ಲುವುದಿಲ್ಲ.

ಹೂವಿನ ಹೊತ್ತು

"ಹೂವೆಲ್ಲ ಉದುರಿ ಹೋಗ್ತದೆ, ಎಂತ ಔಷಧಿ ಹೊಡಿಬೇಕು?" ಎಂದು ಕೇಳಿದರು. ಯಾವ ಔಷಧಿಯೂ ಬೇಡ. ಮೊದಲ ಒಂದೆರಡು ವಾರ ಬರುವುದೆಲ್ಲ ಗಂಡು ಹೂ, ಅವು ಉದುರಲೇಬೇಕು. ಗಂಡು ಹೂವಿಗೆ ತೆಳ್ಳನೆಯ ಉದ್ದ ತೊಟ್ಟು. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಮಿಡಿ ಇರುತ್ತದೆ. ಎರಡೂ ಬೆಳಗಾಗುವಾಗ ಅರಳಿ ಬಿಸಿಲೇರಿದಂತೆ, ಹತ್ತು ಗಂಟೆಯೊಳಗೆ ಮುದುಡುತ್ತವೆ. ಹೆಣ್ಣು ಹೂವಿಗೆ ಇರುವುದು ಅದೊಂದೇ ಬೆಳಗು.

ತುಡುವೆ ಜೇನಿನ ಪೆಟ್ಟಿಗೆ ಹತ್ತಿರವಿದ್ದರೆ ಚಿಂತೆಯಿಲ್ಲ. ಇಲ್ಲವಾದರೆ ಆರೂವರೆಯಿಂದ ಎಂಟರೊಳಗೆ ನೀವೇ ಮಾಡಬೇಕು. ಅಂದೇ ಅರಳಿದ ಗಂಡು ಹೂ ಕಿತ್ತು, ದಳ ಸುಲಿದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ಒಳಗಿನ ಮೂರು ಉಬ್ಬಿಗೂ ಮೆಲ್ಲಗೆ ಸವರಿ. ಬೆರಳಿಗೆ ಹಳದಿ ಪುಡಿ ಅಂಟಬೇಕು. ಅಂಟದಿದ್ದರೆ ಪರಾಗ ಇನ್ನೂ ಒಡೆದಿಲ್ಲ, ಅಥವಾ ಇಬ್ಬನಿಗೆ ನೆನೆದಿದೆ, ಅರ್ಧ ಗಂಟೆ ಬಿಟ್ಟು ಬನ್ನಿ. ಮೂರರಲ್ಲಿ ಒಂದು ಉಬ್ಬಿಗೆ ಮಾತ್ರ ತಾಗಿದರೆ ಕಾಯಿ ಒಂದು ಪಕ್ಕ ಸೊಟ್ಟಗಾಗುತ್ತದೆ, ಏಕೆಂದರೆ ಬೀಜ ಕಟ್ಟಿದ ಕಡೆ ಮಾತ್ರ ಉಬ್ಬುತ್ತದೆ. ಕೂಡಿಕೊಂಡಿದ್ದರೆ ನಾಲ್ಕೈದು ದಿನದಲ್ಲಿ ಮಿಡಿ ತೊಟ್ಟು ಬಗ್ಗಿಸಿ ನೆಲದ ಕಡೆ ತಿರುಗುತ್ತದೆ. ಇಲ್ಲದಿದ್ದರೆ ತುದಿಯಿಂದ ಹಳದಿಯಾಗಿ ಸುರುಟುತ್ತದೆ. ಬಳ್ಳಿಗೆ ಮೂರು ಕಾಯಿ ನಿಂತ ಮೇಲೆ ಬಂದ ಮಿಡಿಗಳನ್ನು ಪಲ್ಯಕ್ಕೆ ಕಿತ್ತುಕೊಳ್ಳಿ.

ತಿನ್ನುವವರು

ಕೆಂಪು ಕುಂಬಳ ದುಂಬಿ ಬರುವುದು ಬೀಜದೆಲೆ ಇರುವಾಗಲೇ. ಕಿತ್ತಳೆ ಬಣ್ಣ, ಬೆರಳುಗುರಿನಷ್ಟೂ ಇಲ್ಲ; ಎರಡು ದಿನದಲ್ಲಿ ಎಲೆಯನ್ನು ಜರಡಿ ಮಾಡುತ್ತದೆ. ಬೆಳಗಿನ ಚಳಿಯಲ್ಲಿ ಮಂಪರಾಗಿ ಕುಳಿತಿರುತ್ತದೆ, ಆಗ ಕೈಯಲ್ಲೇ ಹಿಡಿದು ಸೋಪಿನ ನೀರಿಗೆ ಹಾಕಬಹುದು. ಇಬ್ಬನಿ ಆರುವ ಮೊದಲು ಒಲೆಯ ಬೂದಿ ಎಲೆಯ ಮೇಲೆ ಉದುರಿಸಿದರೂ ತಡೆಯುತ್ತದೆ. ಆರು ಎಲೆ ದಾಟಿದ ಬಳ್ಳಿಗೆ ಇದರ ಭಯವಿಲ್ಲ.

ಹಣ್ಣುನೊಣ ಹಾಗಲ್ಲ. ಮಿಡಿಯ ಸಿಪ್ಪೆ ಎಳೆಯದಾಗಿರುವಾಗ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದಲ್ಲಿ ಅಂಟು ಒಸರುತ್ತದೆ, ಒಳಗೆ ಹುಳವಾಗಿ ಕಾಯಿ ಕೊಳೆಯುತ್ತದೆ. ಹೂ ಮುದುಡಿದ ಮರುದಿನವೇ ಮಿಡಿಗೆ ಹಳೆ ಬಟ್ಟೆಯ ಅಥವಾ ಪೇಪರಿನ ಚೀಲ ಕಟ್ಟಿ, ಮೂರು ವಾರ ಬಿಡಿ. ಸಿಪ್ಪೆ ಬಲಿತ ಮೇಲೆ ನೊಣಕ್ಕೆ ಚುಚ್ಚಲು ಕಷ್ಟ. ಏಳು ಬಳ್ಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕ್ಯೂಲ್ಯೂರ್ ಮೋಹಕ ಬಲೆಗೆ ಗಂಡು ನೊಣ ಮಾತ್ರ ಬೀಳುವುದರಿಂದ ಒಂದೇ ಮನೆಯವರು ಕಟ್ಟಿದರೆ ಫಲ ಕಡಿಮೆ, ಕೇರಿಯೆಲ್ಲ ಕಟ್ಟಬೇಕು. ಹುಳ ಬಿದ್ದ ಮಿಡಿಯನ್ನು ಗೊಬ್ಬರದ ಗುಂಡಿಗೆ ಎಸೆಯುವುದು ದೊಡ್ಡ ತಪ್ಪು: ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿಯೇ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಬಿಸಿಲಿಗೆ ಇಡಿ.

ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೆ ಬೂದಿ ರೋಗ. ಹಸಿ ಹಾಲು ಒಂದು ಪಾಲು, ನೀರು ಒಂಬತ್ತು ಪಾಲು ಸೇರಿಸಿ ವಾರಕ್ಕೊಮ್ಮೆ ಬಿಸಿಲಿರುವಾಗ ಸಿಂಪಡಿಸಿದರೆ ಶುರುವಿನಲ್ಲೇ ಹಿಡಿತಕ್ಕೆ ಬರುತ್ತದೆ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಹೊಡೆಯುವವರು ಸಂಜೆ ಹೊಡೆಯಿರಿ. ಏಪ್ರಿಲ್ ಬಿಸಿಲಿಗೆ ಕುಂಬಳ ಜಾತಿಯ ಎಲೆ ಗಂಧಕಕ್ಕೆ ಸುಟ್ಟುಹೋಗುತ್ತದೆ. ಎಲೆ ಸುಕ್ಕಾಗಿ ಹಳದಿ ಹಸಿರು ಚುಕ್ಕೆಯಾದರೆ ಅದು ಮೊಸಾಯಿಕ್ ನಂಜು, ಸಸ್ಯಹೇನು ಮತ್ತು ಬಿಳಿನೊಣ ಹರಡುವಂಥದ್ದು. ಮದ್ದಿಲ್ಲ. ಕಿತ್ತು ಸುಟ್ಟುಬಿಡಿ, ಎರಡು ಬಳ್ಳಿ ಹೆಚ್ಚಿಗೆ ಹಾಕಿದ್ದು ಇದಕ್ಕೇ.

ಮುಳ್ಳುಹಂದಿ ರಾತ್ರಿ ಬಂದು ಬಲಿತ ಕಾಯಿಯನ್ನು ಕೊರೆಯುತ್ತದೆ. ಕಾಯಿಯ ಸುತ್ತ ಮುಳ್ಳಿನ ಗಿಡ ಒತ್ತಾಗಿ ಒಟ್ಟಿದರೆ ಸ್ವಲ್ಪ ತಡೆ. ಮಂಗನ ವಿಷಯದಲ್ಲಿ ಭರವಸೆ ಕೊಡುವಂಥ ಉಪಾಯ ನಮ್ಮ ಹತ್ತಿರ ಇಲ್ಲ. ಕಾಯಿಯ ಮೇಲೆ ಒಣ ದರಕು ಮುಚ್ಚಿ ಕಣ್ಣಿಗೆ ಬೀಳದಂತೆ ಮಾಡುವುದು, ನಾಯಿ ಕಟ್ಟುವುದು, ಅಷ್ಟೇ. ಕಾಯಿಯ ಅಡಿಗೆ ಮಾತ್ರ ಒಂದೊಂದು ಒಣ ಅಡಿಕೆ ಹಾಳೆ ಹಾಕಲು ಮರೆಯಬೇಡಿ. ನೆಲದ ಪಸೆ ತಾಗಿದ ಕಡೆಯೇ ಮುಂದೆ ಅಟ್ಟದಲ್ಲಿ ಕೊಳೆ ಶುರುವಾಗುವುದು.

ಕೊಯ್ಲು ಮತ್ತು ದಾಸ್ತಾನು

ಇಡೀ ಮಾತಿನಲ್ಲಿ ಯಾವುದಾದರೂ ಒಂದನ್ನು ಬರೆದುಕೊಳ್ಳುವುದಾದರೆ ಇದನ್ನು ಬರೆದುಕೊಳ್ಳಿ. ಕಾಯಿ ಕೊಳೆಯುವುದು ಆಗಸ್ಟ್‌ನಲ್ಲಿ ಕಾಣುತ್ತದೆ, ಅದಕ್ಕೆ ಕಾರಣ ಹೆಚ್ಚಾಗಿ ಮೇ ತಿಂಗಳಲ್ಲೇ ಆಗಿರುತ್ತದೆ.

ಬಲಿತ ಗುರುತು ಮೂರು. ತೊಟ್ಟು ಹಸಿರು ಕಳೆದು ಕಟ್ಟಿಗೆಯಂತಾಗಿರಬೇಕು. ಉಗುರು ಊರಿದರೆ ಸಿಪ್ಪೆ ಗೀರಬಾರದು. ನೆಲಕ್ಕೆ ತಾಗಿದ ಭಾಗ ಬಿಳಿಯಿಂದ ಕೆನೆಹಳದಿಗೆ ತಿರುಗಿರಬೇಕು. ಬಣ್ಣ ಬಂತೆಂದು ಕೊಯ್ಯಬೇಡಿ, ಬಣ್ಣ ಬಲಿಯುವ ಮೊದಲೇ ಬರಬಹುದು. ಉಗುರು ಇಳಿಯುವ ಕಾಯಿ ಇದ್ದರೆ ಅದನ್ನು ಈ ವಾರವೇ ತಿನ್ನಿ, ಅಟ್ಟಕ್ಕೆ ಹತ್ತಿಸಬೇಡಿ.

ಕತ್ತಿಯಿಂದ, ತಿರುಚದೆ, ಎರಡರಿಂದ ಮೂರು ಇಂಚು ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟು ಮುರಿದರೆ ಆ ಬಾಯಿಯಿಂದಲೇ ಬೂಜು ಒಳಗಿಳಿಯುತ್ತದೆ, ಅಂಥ ಕಾಯಿ ತಿಂಗಳೂ ತಡೆಯದು. ತೊಟ್ಟು ಹಿಡಿದು ಎತ್ತಬೇಡಿ, ಎರಡು ಕೈ ಕೊಟ್ಟು ಅಡಿಯಿಂದ ಎತ್ತಿ. ಬುಟ್ಟಿಯಲ್ಲಿ ಒಂದರ ಮೇಲೊಂದು ಹೇರುವಾಗ ಒಂದರ ತೊಟ್ಟು ಇನ್ನೊಂದರ ಸಿಪ್ಪೆ ಗೀರುತ್ತದೆ, ನಡುವೆ ಹುಲ್ಲಿರಲಿ. ಕತ್ತರಿಸಿದ ತುದಿಗೆ ಎಲೆಯಡಿಕೆ ಸುಣ್ಣ ಸವರಿ. ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಮಣ್ಣು ಒರೆಸಿದರೆ ಸಾಕು.

ಆಮೇಲೆ ಹದಗೊಳಿಸುವುದು. 27ರಿಂದ 30 ಡಿಗ್ರಿ ಸೆಖೆ, ಗಾಳಿಯಾಡುವ ನೆರಳು, 10ರಿಂದ 14 ದಿನ. ಮೇ ತಿಂಗಳ ಜಗಲಿಯಲ್ಲಿ ಇದು ಪುಕ್ಕಟೆಯಾಗಿ ಸಿಗುತ್ತದೆ. ಈ ದಿನಗಳಲ್ಲಿ ಸಣ್ಣಪುಟ್ಟ ಗೀರುಗಳು ಬೆಂಡು ಕಟ್ಟಿ ಮಾಯುತ್ತವೆ, ಸಿಪ್ಪೆ ಇನ್ನಷ್ಟು ಗಟ್ಟಿಯಾಗುತ್ತದೆ. ನೇರ ಬಿಸಿಲಲ್ಲಿ ಇಟ್ಟರೆ ಒಂದು ಪಕ್ಕ ಬೆಂದು ಬಿಳಿ ಮಚ್ಚೆಯಾಗುತ್ತದೆ. ಅಂಗಳದಲ್ಲಿ ಬಿಟ್ಟು ಸಂಜೆಯ ಅಡ್ಡಮಳೆಗೆ ನೆನೆಸಿದರೆ ಹದಗೊಳಿಸಿದ್ದೆಲ್ಲ ವ್ಯರ್ಥ.

ದಾಸ್ತಾನಿಗೆ ಪುಸ್ತಕದ ಲೆಕ್ಕ 10ರಿಂದ 15 ಡಿಗ್ರಿ, ತೇವಾಂಶ ನೂರಕ್ಕೆ 50ರಿಂದ 70. ಜುಲೈ ತಿಂಗಳ ನಮ್ಮ ಮನೆಯೊಳಗೆ ತೇವಾಂಶ 90 ದಾಟಿರುತ್ತದೆ. ಆದ್ದರಿಂದ ಆರು ತಿಂಗಳ ಆಸೆ ಬೇಡ, ಮೂರೂವರೆ ನಾಲ್ಕು ತಿಂಗಳು ನಿಂತರೆ ನಮ್ಮ ಕೆಲಸ ಆಯಿತು. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟವೇ ಇದಕ್ಕೆ ಸರಿಯಾದ ಜಾಗ. ಒಲೆಯ ಕಾವು ತೇವ ಹೀರುತ್ತದೆ, ಹೊಗೆ ಬೂಜನ್ನು ತಡೆಯುತ್ತದೆ. ಅಟ್ಟದ ಹಲಗೆಯ ಮೇಲೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹರಡಿ, ಕಾಯಿಗೆ ಕಾಯಿ ತಾಗದಂತೆ, ಒಂದೇ ಸಾಲು. ಜಂತಿಯಿಂದ ತೂಗುಹಾಕುವುದು ಇನ್ನೂ ಒಳ್ಳೆಯದು, ಸುತ್ತಲೂ ಗಾಳಿ. ಒಣಗಿದ ಬಾಳೆಪಟ್ಟೆಯನ್ನು ಎರಡು ಬೆರಳಗಲ ಸೀಳಿ, ಎರಡು ಪಟ್ಟೆಯನ್ನು ಅಡ್ಡಡ್ಡ ಇಟ್ಟು ನಡುವೆ ಕಾಯಿ ಕೂರಿಸಿ, ನಾಲ್ಕು ತುದಿಯನ್ನೂ ಮೇಲೆ ಸೇರಿಸಿ ಗಂಟು ಹಾಕಿ. ಭಾರ ಅಡಿಗೆ ಬೀಳಬೇಕೇ ಹೊರತು ತೊಟ್ಟಿಗಲ್ಲ. ಹಸಿ ಪಟ್ಟೆ ಬೇಡ, ಅದೇ ಕೊಳೆಯುತ್ತದೆ. ಪ್ಲಾಸ್ಟಿಕ್ ದಾರವೂ ಬೇಡ, ಸಿಪ್ಪೆಗೆ ಕಚ್ಚುತ್ತದೆ. ಇಲಿ ಹಗ್ಗ ಹಿಡಿದು ಇಳಿಯುತ್ತದೆ. ಹಗ್ಗದ ನಡುವೆ ಒಂದಡಿ ಅಗಲದ ತಗಡಿನ ಬಿಲ್ಲೆ ಪೋಣಿಸಿದರೆ ಜಾರಿ ಬೀಳುತ್ತದೆ.

"ಆರ್‌ಸಿಸಿ ಮನೆ, ಗ್ಯಾಸ್ ಒಲೆ, ಅಟ್ಟ ಎಲ್ಲಿಂದ ತರೋದು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಡುಗೆಮನೆಯ ಒಳಗೋಡೆಗೆ ಕಂಬಿಯ ಅಥವಾ ದಬ್ಬೆಯ ಸ್ಟ್ಯಾಂಡ್ ಹಾಕಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ಸಿಮೆಂಟು ನೆಲ ಮಳೆಗಾಲದಲ್ಲಿ ಬೆವರುತ್ತದೆ, ಅಲ್ಲಿ ಇಡಲೇಬಾರದು. ತಗಡಿನ ಮಾಡಿನ ಕೆಳಗೂ ಬೇಡ, ಹಗಲು ಕಾದು ರಾತ್ರಿ ಹನಿಯುತ್ತದೆ. ಬಾಳೆಗೊನೆ ಹಣ್ಣಾಗಲು ಇಟ್ಟ ಕೋಣೆಯಲ್ಲಿ ಬೇಡ. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲಕ್ಕೆ ಕಾಯಿಯ ತೊಟ್ಟು ಬೇಗ ಕಳಚುತ್ತದೆ. ಇಡೀ ಕಾಯಿಯನ್ನು ಫ್ರಿಜ್ಜಿನಲ್ಲಿ ಇಡುವುದೂ ತಪ್ಪು. 10 ಡಿಗ್ರಿಗಿಂತ ಕೆಳಗೆ ಸಿಪ್ಪೆಯಲ್ಲಿ ತಗ್ಗು ಬಿದ್ದು, ಹೊರಗೆ ತೆಗೆದ ಮೇಲೆ ಅಲ್ಲೇ ಕೊಳೆಯುತ್ತದೆ.

ವಾರಕ್ಕೊಮ್ಮೆ ಪ್ರತಿ ಕಾಯಿಯನ್ನೂ ಕೈಯಲ್ಲಿ ಹಿಡಿದು ತೊಟ್ಟಿನ ಬುಡ ಮತ್ತು ಹೂ ಬಿದ್ದ ತುದಿ ಒತ್ತಿ ನೋಡಿ. ತೊಟ್ಟಿನ ಮೇಲೆ ಬಿಳಿ ಬೂಜು ಮಾತ್ರವಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ ಸುಣ್ಣ ಹಚ್ಚಿ. ಬೆರಳಿಗೆ ಮೆತ್ತಗೆ ಹತ್ತಿದರೆ ಅವತ್ತೇ ಕೊಯ್ದು, ಕೆಟ್ಟ ಭಾಗದ ಸುತ್ತ ಧಾರಾಳವಾಗಿ ತೆಗೆದು, ಮಿಕ್ಕಿದ್ದರ ವಾಸನೆ ರುಚಿ ಸರಿಯಿದ್ದರೆ ಅಡುಗೆ ಮಾಡಿ. ಚೆಂದದ ಕಾಯಿ ಮೊದಲು ತಿಂದು ಗಾಯದ ಕಾಯಿಯನ್ನು ಹಿಂದಕ್ಕಿಡುವ ಅಭ್ಯಾಸ ತಿರುವುಮುರುವಾಗಬೇಕು.

ಅಡುಗೆಮನೆಯಲ್ಲಿ

ಇಟ್ಟ ಕಾಯಿಯ ಪಿಷ್ಟ ಮೊದಲ ಒಂದೆರಡು ತಿಂಗಳಲ್ಲಿ ಸಕ್ಕರೆಯಾಗುತ್ತದೆ. ಮೇ ತಿಂಗಳಲ್ಲಿ ಸಪ್ಪೆಯೆನಿಸಿದ ಕಾಯಿ ಜುಲೈಗೆ ಸಿಹಿ. ಆಮೇಲೆ ತಿರುಳು ನಾರುನಾರಾಗುತ್ತಾ ಹೋಗುತ್ತದೆ, ಸೆಪ್ಟೆಂಬರಿನ ಕಾಯಿ ಹುಳಿಗೆ, ಗೊಜ್ಜಿಗೆ ಸೈ. ಕ್ಯಾರೋಟಿನ್ ಕೊಬ್ಬಿನ ಜೊತೆಗಿದ್ದರೆ ಮಾತ್ರ ಮೈಗೆ ಹತ್ತುವುದು. ತೆಂಗಿನಕಾಯಿ ರುಬ್ಬಿ ಹಾಕುವ ನಮ್ಮ ಅಡುಗೆಯಲ್ಲಿ ಅದಕ್ಕೆ ಬೇರೆ ಏರ್ಪಾಡು ಬೇಕಿಲ್ಲ.

ಕಡುಬಿನ ಅಳತೆ ಹಲವರು ಕೇಳಿದ್ದರಿಂದ ಹೇಳುತ್ತೇವೆ. ತುರಿದ ಚೀನಿಕಾಯಿ 2 ಲೋಟ, ಅಕ್ಕಿ ತರಿ 1 ಲೋಟ, ಪುಡಿ ಬೆಲ್ಲ ಮುಕ್ಕಾಲು ಲೋಟ, ಕಾಯಿತುರಿ ಅರ್ಧ ಲೋಟ, ಚಿಟಿಕೆ ಉಪ್ಪು, ಏಲಕ್ಕಿ. ನೀರು ಒಂದು ಹನಿಯೂ ಬೇಡ. ಮೊದಲು ಚೀನಿಕಾಯಿ ತುರಿಗೆ ಬೆಲ್ಲ, ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟರೆ ತಾನೇ ನೀರು ಬಿಡುತ್ತದೆ. ಎಷ್ಟು ನೀರು ಬಂತೆಂದು ನೋಡಿಕೊಂಡು ತರಿ ಕೊನೆಗೆ ಹಾಕಿ, ಇಪ್ಪತ್ತು ನಿಮಿಷ ನೆನೆಯಲಿ. ಬಾಡಿಸಿದ ಬಾಳೆಎಲೆಯಲ್ಲಿ ಮಡಿಸಿ ಅರ್ಧ ಗಂಟೆ ಹಬೆ. ತರಿಯನ್ನು ಮೊದಲೇ ಹಾಕಿದವರ ಕಡುಬು ಒಮ್ಮೆ ಅಂಟು, ಒಮ್ಮೆ ಕಲ್ಲು. ಹೊಸ ಕಾಯಿಯಲ್ಲಿ ನೀರು ಹೆಚ್ಚು, ಹಳೆಯದರಲ್ಲಿ ಕಡಿಮೆ ಎನ್ನುವುದೇ ಇದರ ಗುಟ್ಟು. ದೋಸೆಗೆ ನಾಲ್ಕು ಗಂಟೆ ನೆನೆದ ಅಕ್ಕಿ 1 ಲೋಟಕ್ಕೆ ಒಂದೂವರೆ ಲೋಟ ಹೋಳು ಸೇರಿಸಿ ನುಣ್ಣಗೆ ರುಬ್ಬಿ ಕೂಡಲೇ ಹೊಯ್ಯಬಹುದು. ಹಿಟ್ಟು ಹುಳಿ ಬರಬೇಕಿಲ್ಲ. ಕಾವಲಿ ಹದವಾಗಿರಲಿ, ಸಕ್ಕರೆ ಇರುವುದರಿಂದ ಬೇಗ ಸೀಯುತ್ತದೆ.

ಸಿಪ್ಪೆ ಎಸೆಯಬೇಡಿ. ಎಣ್ಣೆಯಲ್ಲಿ ಹುರಿದು ಉದ್ದಿನಬೇಳೆ, ಒಣಮೆಣಸು, ಹುಣಸೆ, ತೆಂಗಿನಕಾಯಿ ಸೇರಿಸಿದರೆ ಚಟ್ನಿ. ಬೀಜದ ಒಳತಿರುಳಿನಲ್ಲಿ 100 ಗ್ರಾಮಿಗೆ ಸುಮಾರು 30 ಗ್ರಾಂ ಪ್ರೋಟೀನು. ಕಾಯಿಯಲ್ಲಿ ಇಲ್ಲದ ಶಕ್ತಿಯೆಲ್ಲ ಇಲ್ಲಿದೆ. ತೊಳೆದು, ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಚಟ್ನಿಪುಡಿಗೆ ಹಾಕಿ. ಎಳೆ ಕುಡಿಯ ನಾರು ಸುಲಿದು ತಂಬುಳಿ, ಪಲ್ಯ. ಗಂಡು ಹೂವನ್ನು ಪರಾಗದ ಕೆಲಸ ಮುಗಿದ ಮೇಲೆ, ಮುದುಡಿದ ಮೇಲೆಯೇ ಕಿತ್ತು ಬಿಡಿಸಿ ನೋಡಿ ಬಜ್ಜಿಗೆ ಹಾಕಿ. ಒಳಗೆ ಜೇನುನೊಣ ಸಿಕ್ಕಿಕೊಂಡಿರುವುದುಂಟು. ಕೊಯ್ದ ಅರ್ಧ ಕಾಯಿ ಉಳಿದರೆ ಮೊದಲು ಬೀಜ, ನಾರು ಕೆರೆದು ತೆಗೆಯಿರಿ, ಕೊಳೆ ಅಲ್ಲಿಂದಲೇ ಶುರುವಾಗುವುದು. ಒಣ ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಐದು ದಿನ. ಹೋಳು ಕಹಿಯೆನಿಸಿದರೆ ಪೂರ್ತಿ ಕಾಯಿ ಎಸೆದುಬಿಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗದು.

ಬೀಜ

ಸುತ್ತ ನಾಲ್ಕು ಮನೆಯಲ್ಲಿ ನಾಲ್ಕು ಬಗೆಯ ಮೊಸ್ಕಾಟಾ ಇದ್ದರೆ ಜೇನು ಎಲ್ಲವನ್ನೂ ಬೆರೆಸುತ್ತದೆ. ಈ ವರ್ಷದ ಕಾಯಿಗೆ ಏನೂ ಆಗದು, ಅದರ ಬೀಜದಿಂದ ಮುಂದಿನ ವರ್ಷ ಬರುವುದು ಬೇರೆಯೇ ಕಾಯಿ. ಬೂದುಗುಂಬಳದ ಜೊತೆ ಇದು ಬೆರೆಯುವುದಿಲ್ಲ, ಆ ಭಯ ಬೇಡ. ತಳಿ ಶುದ್ಧವಾಗಿ ಬೇಕೆಂದರೆ, ನಾಳೆ ಅರಳಲಿರುವ, ತುದಿ ಹಳದಿ ತಿರುಗಿದ ಒಂದು ಹೆಣ್ಣು ಮೊಗ್ಗು, ಇನ್ನೊಂದು ಬಳ್ಳಿಯ ಎರಡು ಗಂಡು ಮೊಗ್ಗನ್ನು ಸಂಜೆಯೇ ಬಾಳೆನಾರಿನಿಂದ ಬಾಯಿ ಕಟ್ಟಿ. ಬೆಳಿಗ್ಗೆ ಬಿಚ್ಚಿ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರ ಗುರುತು ಹಾಕಿ. ಆ ಕಾಯಿಯನ್ನು ಕೊಯ್ದ ಮೇಲೂ ಒಂದು ತಿಂಗಳು ಹಾಗೇ ಇಟ್ಟು ಆಮೇಲೆ ಬೀಜ ತೆಗೆಯಿರಿ, ಬೀಜ ಕಾಯಿಯೊಳಗೇ ಇನ್ನಷ್ಟು ಬಲಿಯುತ್ತದೆ. ನೀರಲ್ಲಿ ತೇಲುವ ಜೊಳ್ಳು ಬಿಟ್ಟು, ಮುಳುಗಿದ್ದನ್ನು ನೆರಳಲ್ಲಿ ಹರಡಿ, ಬಗ್ಗಿಸಿದರೆ ಪಟಕ್ಕನೆ ಮುರಿಯುವವರೆಗೆ ಒಣಗಿಸಿ. ಮಳೆ ಹಿಡಿದುಬಿಟ್ಟಿದ್ದರೆ ಒಲೆಯ ಹತ್ತಿರ ಒಣಗಿಸಬಹುದು, ಕೈ ಸುಡುವಷ್ಟು ಹತ್ತಿರ ಮಾತ್ರ ಬೇಡ. ಜರಡಿ ಹಿಡಿದ ಒಣ ಬೂದಿ ಬೆರೆಸಿ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ತಳಿ ಮತ್ತು ತಿಂಗಳು ಬರೆದಿಡಿ. ಸಂಕ್ರಾಂತಿಗೆ ಹತ್ತು ದಿನ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ಏಳಕ್ಕಿಂತ ಕಡಿಮೆ ಮೊಳೆತರೆ ಗುಂಡಿಗೆ ಮೂರರ ಬದಲು ಐದು ಬೀಜ ಹಾಕಿ.